ಗುಮ್ಮನ ಉಪಕಾರ

ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕಕ್ಕೂ ಹಾಸ್ಯಕ್ಕೂ ಬೇರೆ ಬೇರೆ ಸ್ಥಾನಗಳುಂಟು. ಆದರೆ 1950ರ ದಶಕದಲ್ಲಿ ಅಮೆರಿಕದಲ್ಲಿ ಅಲ್ಪ ಬಂಡವಾಳದಿಂದ ತಯಾರಾದ ರಾಕ್ಷಸಚಿತ್ರಗಳಲ್ಲಿ ಇವೆರಡೂ ಒಂದೇ ಮಣೆಯ ಮೇಲೆ ಕುಳಿತಿವೆ. ರಬ್ಬರಿನ ಚರ್ಮ, ರಟ್ಟಿನ ಪಟ್ಟಣ, ಅಣುವಿಕಿರಣದಿಂದ ಬೆಟ್ಟದಷ್ಟು ಬೆಳೆದ ಕ್ರಿಮಿಕೀಟಗಳು! ಇವನ್ನು ಕಂಡು ಅಂದು ಹೆದರಿದವರೇ ಮುಂದೆ ನಕ್ಕರು. ಆ ನಗೆಯಲ್ಲಿ ತಿರಸ್ಕಾರಕ್ಕಿಂತ ವಾತ್ಸಲ್ಯವೇ ಹೆಚ್ಚೆಂಬುದನ್ನು ನನಗೆ ಮನಗಾಣಿಸಿದ್ದು ಜೋ ಡಾಂಟೆಯವರು 1993ರಲ್ಲಿ ನಿರ್ದೇಶಿಸಿದ ‘ಮ್ಯಾಟಿನಿ’ ಎಂಬ ಹಾಸ್ಯಚಿತ್ರ.

ಕಥೆಯ ಕಾಲ 1962ರ ಅಕ್ಟೋಬರ್. ಸ್ಥಳ ಫ್ಲಾರಿಡಾದ ಕೀ ವೆಸ್ಟ್ ದ್ವೀಪ. ಸುಮಾರು 90 ಮೈಲಿ ದೂರದ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ನಿಂತಿವೆ. ಬಾಲಕ ಜೀನ್‌ನ ತಂದೆ ನೌಕಾಪಡೆಯ ಹಡಗಿನಲ್ಲಿದ್ದಾನೆ. ಇಂಥ ವಾರದಲ್ಲಿ ಊರಿಗೆ ಬರುತ್ತಾನೆ ಲಾರೆನ್ಸ್ ವೂಲ್ಸಿ ಎಂಬ ನಿರ್ಮಾಪಕ; ಆ ಪಾತ್ರ ಜಾನ್ ಗುಡ್‌ಮನ್ನರದು. ಅವನು ತಂದ ಚಿತ್ರ ‘ಮ್ಯಾಂಟ್’. ಹಲ್ಲಿನ ವೈದ್ಯನಲ್ಲಿ ಎಕ್ಸ್-ರೇ ತೆಗೆಸಿಕೊಳ್ಳುವಾಗ ಇರುವೆ ಕಚ್ಚಿ, ಅರ್ಧ ಇರುವೆಯಾಗಿಬಿಟ್ಟ ಬಡಪಾಯಿಯ ಕಥೆ ಅದು! ಈ ಕಪ್ಪುಬಿಳುಪು ಒಳಚಿತ್ರದಲ್ಲಿ ಆ ಕಾಲದ ಹಳೆಯ ನಟರಾದ ವಿಲಿಯಂ ಶಾಲರ್ಟ್, ರಾಬರ್ಟ್ ಕಾರ್ನ್‌ವೇಟ್ ಕಾಣಿಸಿಕೊಳ್ಳುತ್ತಾರೆ. ಅವರು ಅಣಕಿಸುವುದಿಲ್ಲ, ಶ್ರದ್ಧೆಯಿಂದ ನಟಿಸುತ್ತಾರೆ. ನಗು ಹುಟ್ಟುವುದು ಆ ಶ್ರದ್ಧೆಯಿಂದಲೇ.

ವೂಲ್ಸಿಗೆ ಮಾದರಿ ವಿಲಿಯಂ ಕ್ಯಾಸಲ್ ಎಂಬ ನಿಜವಾದ ನಿರ್ಮಾಪಕ. ತನ್ನ ‘ಮಕಾಬರ್’ (1958) ನೋಡಿ ಯಾರಾದರೂ ಭಯದಿಂದ ಸತ್ತರೆ 1,000 ಡಾಲರ್ ಕೊಡುವ ವಿಮೆಯನ್ನು ಆತ ಪ್ರೇಕ್ಷಕರಿಗೆ ಮಾಡಿಸಿಕೊಟ್ಟ. ‘ದಿ ಟಿಂಗ್ಲರ್’ (1959) ಪ್ರದರ್ಶನದಲ್ಲಿ ಕೆಲವು ಕುರ್ಚಿಗಳ ಕೆಳಗೆ ಯಂತ್ರವಿಟ್ಟು ಪ್ರೇಕ್ಷಕರನ್ನು ನಡುಗಿಸಿದ. ಇದು ಮೋಸವೇ? ಹೌದು, ಆದರೆ ಹಣ ಕೊಟ್ಟವನಿಗೂ ಅದು ಗೊತ್ತಿತ್ತು.

ಇಲ್ಲಿಯೇ ಚಿತ್ರದ ತಿರುಳಿದೆಯೆಂದು ನನ್ನ ಎಣಿಕೆ. ಅದರಲ್ಲೊಂದು ಶಾಲೆಯ ದೃಶ್ಯವಿದೆ. ಅಣುಬಾಂಬು ಬಿದ್ದರೆ ತಲೆಯ ಮೇಲೆ ಕೈಯಿಟ್ಟು ಮುದುಡಿ ಕೂರಬೇಕೆಂದು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರೆ. ಸಾಂಡ್ರಾ ಎಂಬ ಹುಡುಗಿ ಮಾತ್ರ, ಇದರಿಂದ ಯಾರೂ ಉಳಿಯಲಾರರೆಂದು ಪ್ರತಿಭಟಿಸುತ್ತಾಳೆ. ಸತ್ಯ ನುಡಿದುದಕ್ಕೆ ಅವಳಿಗೆ ಶಿಕ್ಷೆ! ಹಿರಿಯರ ಆ ಉಪಾಯವೂ ವೂಲ್ಸಿಯ ನಡುಗುವ ಕುರ್ಚಿಯಂತೆ ಒಂದು ನಾಟಕವೇ. ಅಂತರವಿಷ್ಟೆ: ವೂಲ್ಸಿ ತನ್ನದನ್ನು ನಾಟಕವೆಂದೇ ಮಾರುತ್ತಾನೆ, ಅವರು ತಮ್ಮದನ್ನು ರಕ್ಷಣೆಯೆನ್ನುತ್ತಾರೆ.

ವೂಲ್ಸಿ ಜೀನ್‌ಗೆ ಒಂದು ಕಥೆ ಹೇಳುತ್ತಾನೆ. ಮಹಾಗಜವೊಂದರ ಬಾಯಿಂದ ಪಾರಾಗಿ ಬಂದ ಆದಿಮಾನವ ಗುಹೆಯ ಗೋಡೆಯ ಮೇಲೆ ಅದರ ಚಿತ್ರ ಬರೆದನಂತೆ, ದಂತಗಳನ್ನು ಇನ್ನಷ್ಟು ಉದ್ದಮಾಡಿ. ಬದುಕಿ ಬಂದೆನೆಂಬ ಹಿಗ್ಗು ಆ ಉತ್ಪ್ರೇಕ್ಷೆಯಲ್ಲಿದೆ. ಹಡಗಿನಲ್ಲಿರುವ ತಂದೆಗಾಗಿ ಹುಡುಗ ಪಡುವ ಭಯಕ್ಕೆ ರೂಪವಿಲ್ಲ, ಗಡುವಿಲ್ಲ. ಇರುವೆಮನುಷ್ಯನಿಗೆ ಆರು ಕಾಲುಗಳಿವೆ. ಅವನ ಆಟಕ್ಕೊಂದು ಮುಕ್ತಾಯವಿದೆ. ಬಳಿಕ ದೀಪ ಹತ್ತುತ್ತದೆ.

‘ಮ್ಯಾಟಿನಿ’ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಆದರೂ ಡಾಂಟೆಯವರು ತೀರಿಸಿದ್ದು ಒಂದು ಪೀಳಿಗೆಯ ಋಣವನ್ನು. 1962ರ ಆ ದಿನಗಳಲ್ಲಿ ಅವರಿಗೂ 15 ವರ್ಷ. ಬಾಂಬಿನ ನೆರಳಿನಲ್ಲಿ ಬೆಳೆದ ಮಕ್ಕಳಿಗೆ, ಹೆದರಿಯೂ ನಗುತ್ತ ಮನೆಗೆ ಮರಳುವುದನ್ನು ಆ ರಬ್ಬರಿನ ಗುಮ್ಮನಲ್ಲದೆ ಇನ್ನಾರು ಕಲಿಸಿದ್ದರು?