ಅಜ್ಜನ ಬೀಡಿ, ಮೊಮ್ಮಗನ ಧೈರ್ಯ

“ನಮ್ಮ ಅಜ್ಜ ತೊಂಬತ್ತರ ತನಕ ಬೀಡಿ ಸೇದಿದಾ, ಏನೂ ಆಗ್ಲಿಲ್ಲ ನೋಡ್ರಿ.” ಹುಬ್ಬಳ್ಳಿ-ಧಾರವಾಡದ ಚಹಾದಂಗಡಿಗಳ ಮುಂದೆ ಆಗಾಗ ಕಿವಿಗೆ ಬೀಳುವ ಮಾತಿದು. ಆಡುವವರು ಮೀಸೆ ಚಿಗುರುತ್ತಿರುವ ಹುಡುಗರು. ಅಜ್ಜನ ಆಯುಷ್ಯ ತಮಗೂ ಬಂದಿದೆ ಎಂದು ನಂಬಿರುತ್ತಾರೆ. ಆದರೆ ಅವಳಿಗಳ ಅಧ್ಯಯನಗಳು ಹೇಳುವುದು ಬೇರೆ: ನಿಕೋಟಿನ್ ಚಟಕ್ಕೆ ಒಬ್ಬರು ಬೇಗ, ಇನ್ನೊಬ್ಬರು ನಿಧಾನವಾಗಿ ಸಿಲುಕುವುದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು. ಮೊಮ್ಮಗನಿಗೆ ಬಂದಿರುವುದು ಆಯುಷ್ಯವೋ, ಬಿಡಲಾಗದ ಚಟವೋ, ಅವನಿಗೇ ಗೊತ್ತಿರುವುದಿಲ್ಲ.

ದೇಹ ಸೇರಿದ ನಿಕೋಟಿನ್‌ನ ಬಹುಪಾಲನ್ನು ಯಕೃತ್ತು ಕೋಟಿನೈನ್ ಆಗಿ ಮಾರ್ಪಡಿಸುತ್ತದೆ. ಈ ಕೆಲಸ ಮಾಡುವ ಮುಖ್ಯ ಕಿಣ್ವ ಸಿವೈಪಿ2ಎ6. ಅದು ಚುರುಕಾಗಿರುವವನ ರಕ್ತದಲ್ಲಿ ನಿಕೋಟಿನ್ ಬೇಗ ಇಳಿಯುತ್ತದೆ, ಕೈ ಬೇಗ ಮುಂದಿನ ಸಿಗರೇಟಿಗೆ ಹೋಗುತ್ತದೆ. ಈ ಕಿಣ್ವದ ವಂಶವಾಹಿಯೇ ಅಳಿಸಿಹೋಗಿರುವ ರೂಪ ಜಪಾನೀಯರಲ್ಲಿ ಸಾಮಾನ್ಯ, ಯುರೋಪಿನವರಲ್ಲಿ ಅಪರೂಪ. 2008ರಲ್ಲಿ 15ನೇ ವರ್ಣತಂತುವಿನಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ನಿಕೋಟಿನ್ ಅತಿಯಾದಾಗ ಮಿದುಳು “ಸಾಕು” ಎಂದು ಹಾಕುವ ಬ್ರೇಕು ಅಲ್ಲಿನ ಒಂದು ರೂಪಾಂತರದಿಂದ ಸಡಿಲವಾಗುತ್ತದೆ. ಅದು ಯುರೋಪಿನವರಲ್ಲಿ ಹೆಚ್ಚು, ಪೂರ್ವ ಏಷ್ಯಾದಲ್ಲಿಯೂ ಆಫ್ರಿಕಾದಲ್ಲಿಯೂ ತೀರಾ ಕಡಿಮೆ.

ಹಾಗಾದರೆ ನಮ್ಮ ಲೆಕ್ಕ ಎಲ್ಲಿದೆ? 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಇಂಥ ವಂಶವಾಹಿಗಳನ್ನು ಹುಡುಕಿದ ಅಧ್ಯಯನ 34 ಲಕ್ಷ ಜನರದ್ದು, ಅವರಲ್ಲಿ ಐವರಲ್ಲಿ ನಾಲ್ವರು ಯುರೋಪ್ ಮೂಲದವರು. ಯುರೋಪ್ ಮೂಲದವರ ವಂಶವಾಹಿ ಮಾಹಿತಿಯಿಂದ ಕಟ್ಟಿದ, ಚಟದ ಅಪಾಯ ಅಳೆಯುವ ಅಂಕ ಬೇರೆ ಮೂಲದವರಲ್ಲಿ ಅಷ್ಟು ಸರಿಯಾಗಿ ಕೆಲಸ ಮಾಡಲಿಲ್ಲವೆಂದು ಆ ಅಧ್ಯಯನವೇ ಹೇಳಿದೆ. ನಮ್ಮದೋ, ಶತಮಾನಗಳಿಂದ ಜಾತಿಯೊಳಗೇ ಮದುವೆಯಾಗಿ ಒಂದೊಂದು ಸಮುದಾಯವೂ ಬೇರೆಯಾಗಿ ಉಳಿದುಕೊಂಡಿರುವ ಸಮಾಜ. ಧಾರವಾಡದಿಂದ ಕಲಘಟಗಿ ಕಡೆ ಹೊರಟರೆ ಸಿದ್ದಿಗಳ ಮನೆಗಳಿವೆ. 2011ರ ಅಧ್ಯಯನವೊಂದು ಅವರಲ್ಲಿ ಆಫ್ರಿಕಾ ಮೂಲದ ಜೊತೆಗೆ ಇಲ್ಲಿನ ಮೂಲವೂ ಬೆರೆತಿರುವುದನ್ನು ತೋರಿಸಿತು. ಒಂದೇ ಜಿಲ್ಲೆಯ ಇಷ್ಟು ಬಗೆಯ ಜನರಿಗೆ ಯುರೋಪಿನವರ ಅಂಕವನ್ನು ಹೇಗೆ ಹಚ್ಚುವುದು?

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ಅಧ್ಯಯನಗಳು ತಂಬಾಕಿನ ವಿಷಯದಲ್ಲಿ ಹೆಚ್ಚಾಗಿ ನೋಡಿದ್ದು ಸೇದುವುದನ್ನು, ಅದರಲ್ಲೂ ದಿನಕ್ಕೆ ಎಷ್ಟು ಸಿಗರೇಟು ಎಂಬುದನ್ನು. ಆದರೆ 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಬಸ್ ನಿಲ್ದಾಣದಲ್ಲಿ ನಿಂತು ನೋಡಿ: ಹುಡುಗ ಎರಡನ್ನೂ ಹಲ್ಲಿನಿಂದ ಹರಿಯುತ್ತಾನೆ, ಸಣ್ಣದನ್ನು ದೊಡ್ಡದಕ್ಕೆ ಸುರಿದು ಅಲ್ಲಾಡಿಸುತ್ತಾನೆ, ತಲೆ ಹಿಂದಕ್ಕೆ ಚೆಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಷೇಧವಾದ ಗುಟ್ಕಾ ಅವನ ಅಂಗೈಯಲ್ಲೇ ತಯಾರು. ಸಿಗರೇಟಿನ ಲೆಕ್ಕದಲ್ಲಿ ಅವನು ತಂಬಾಕು ಮುಟ್ಟದವನು.

ನನ್ನ ಆತಂಕ ಇಲ್ಲಿಯೇ. ಉಗುಳು ಕಳಿಸಿ ವಂಶವಾಹಿ ವರದಿ ತರಿಸಿಕೊಳ್ಳುವುದು ಈಗ ನಮ್ಮ ದೇಶದಲ್ಲೂ ಸುಲಭ. ಪರದೇಶದ ಅಂಕದಿಂದ ತಯಾರಾದ “ಚಟದ ಅಪಾಯ ಕಡಿಮೆ” ಎಂಬ ಸಾಲು ಇಂಥ ಹುಡುಗನ ಮೊಬೈಲಿಗೆ ಬಂದರೆ, ಅಜ್ಜನ ಕಥೆಗೆ ವಿಜ್ಞಾನದ ಮುದ್ರೆ ಬಿದ್ದಂತೆ. ಬಾಯಿಯ ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಇಂದಿನ ತಪ್ಪು ಭರವಸೆಯ ಬೆಲೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಗೊತ್ತಾಗುವಷ್ಟರಲ್ಲಿ ಅವನಿಗೆ ಹೆಂಡತಿ ಮಕ್ಕಳಿರುತ್ತಾರೆ. ಇನ್ನು ವಂಶವಾಹಿಯ ಅಂಕ ಎಷ್ಟೇ ಕಡಿಮೆ ಬರಲಿ, ತಂಬಾಕಿನಲ್ಲಿರುವ ಕ್ಯಾನ್ಸರ್‌ಕಾರಕ ನೈಟ್ರೋಸಮೈನುಗಳ ಅಪಾಯ ಯಾರ ಬಾಯಿಗೂ ತಪ್ಪುವುದಿಲ್ಲ.

ವಂಶವಾಹಿ ವಿಜ್ಞಾನ ಬೇಡವೆನ್ನುತ್ತಿಲ್ಲ. 2015ರ ಪ್ರಯೋಗವೊಂದರಲ್ಲಿ ನಿಕೋಟಿನ್ ಬೇಗ ಕರಗಿಸುವವರಿಗೆ ಚಟ ಬಿಡಲು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಿಂತ ವರೆನಿಕ್ಲಿನ್ ಮಾತ್ರೆ ಹೆಚ್ಚು ನೆರವಾಯಿತು. ನಿಧಾನಿಗಳಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಮಾತ್ರೆಯ ಅಡ್ಡಪರಿಣಾಮ ಮಾತ್ರ ಜಾಸ್ತಿ. ಇಂಥ ಉಪಯೋಗ ನಮಗೂ ದಕ್ಕಬೇಕಾದರೆ ಇಲ್ಲಿನ ಸಮುದಾಯಗಳ, ಇಲ್ಲಿನ ಗುಟ್ಕಾ-ಬೀಡಿಗಳ ಅಧ್ಯಯನ ಇಲ್ಲಿಯೇ ನಡೆಯಬೇಕು. ಧಾರವಾಡದಲ್ಲಿ ಡಿಎನ್‌ಎ ಸಂಶೋಧನಾ ಸಂಸ್ಥೆ ಇದೆ, ಸತ್ತೂರಿನಲ್ಲಿ ದಂತ ಕಾಲೇಜಿದೆ. ಬಿಡಬೇಕೆನ್ನುವವರು ಅದಕ್ಕಾಗಿ ಕಾಯಬೇಕಿಲ್ಲ: ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ, ಕರೆಗೆ ದುಡ್ಡಿಲ್ಲ.