ಮಂಡಿನೋವಿನ ಮದ್ದಿಗೆ ಹುಸಿಮದ್ದೇ ಒರೆಗಲ್ಲು

ಮಂಡಿಯ ಸವೆತ ಒಂದೇ ಸಮನೆ ಏರುತ್ತ ಹೋಗುವ ಕಾಯಿಲೆಯಲ್ಲ. ಎರಡು ತಿಂಗಳು ಮೆಟ್ಟಿಲು ಹತ್ತಲಾಗದಂತೆ ಹಿಂಡುತ್ತದೆ, ಆಮೇಲೆ ತಾನಾಗಿಯೇ ಸಡಿಲವಾಗುತ್ತದೆ, ಮದುವೆಮನೆಯಲ್ಲೋ ಗದ್ದೆಯಲ್ಲೋ ಒಂದು ದಿನ ಹೆಚ್ಚು ಹೊತ್ತು ನಿಂತರೆ ಮತ್ತೆ ಕೆರಳುತ್ತದೆ. ನೋವು ಇಳಿದಿರುವಾಗ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ತಡೆಯಲಾರದೆ ಹೋದಾಗಲೇ ಹೋಗುವುದು. ಹಾಗಾಗಿ ವೈದ್ಯರು ಏನು ಕೊಟ್ಟರೂ, ಏನೂ ಕೊಡದೇ ಇದ್ದರೂ, ಮುಂದಿನ ಕೆಲವು ವಾರಗಳಲ್ಲಿ ನೋವು ಇಳಿಯುವ ಸಂಭವವೇ ಹೆಚ್ಚು. ಆ ಹೊತ್ತಿನಲ್ಲಿ ರೋಗಿ ಯಾವ ಮಾತ್ರೆ ನುಂಗುತ್ತಿದ್ದರೋ, ಯಾವ ತೈಲ ತಿಕ್ಕುತ್ತಿದ್ದರೋ ಅದಕ್ಕೆ ಒಳ್ಳೆಯ ಹೆಸರು ಬರುತ್ತದೆ. ನಮ್ಮ ದೇಶದ ಐದು ಕಡೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಪರೀಕ್ಷೆಗೆ ಒಳಗಾದವರ ಪೈಕಿ ಶೇ 28.7ರಷ್ಟು ಮಂದಿಗೆ ಮಂಡಿ ಸವೆತ ಕಂಡುಬಂದಿತ್ತು. ಇಷ್ಟು ಜನರಿಗಿರುವ, ಹೀಗೆ ಏರಿಳಿಯುವ ನೋವಿಗೆ ‘ನನಗೆ ಇದರಿಂದಲೇ ವಾಸಿಯಾಯಿತು’ ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಮಾತಿನಿಂದ ಮದ್ದಿನ ಬಗ್ಗೆ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಅಷ್ಟೇ ನೋವಿರುವ ಇನ್ನೊಂದು ಗುಂಪಿಗೆ, ನೋಡಲು ಥೇಟ್ ಅದೇ ಥರ ಇರುವ ಹುಸಿಮದ್ದು ಕೊಟ್ಟು, ಎರಡೂ ಗುಂಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮಂಡಿನೋವಿನ ಮಟ್ಟಿಗೆ ಈ ಹೋಲಿಕೆಯಿಲ್ಲದ ಯಾವ ಹೊಗಳಿಕೆಗೂ ರೋಗಿಯ ಹಣ ಕೇಳುವ ಅರ್ಹತೆ ಇಲ್ಲ ಎಂಬುದು ನನ್ನ ವಾದ.

ಮಾತ್ರೆಯ ವಿಷಯದಲ್ಲಿ ಇದು ಸುಲಭ. ಮಂಡಿಯ ಶಸ್ತ್ರಚಿಕಿತ್ಸೆಯನ್ನೂ ಹೀಗೆ ಒರೆಗೆ ಹಚ್ಚಬಹುದೆಂದು ತೋರಿಸಿದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಡೆದ ಪ್ರಯೋಗ. ಮಂಡಿಯೊಳಗೆ ಸಣ್ಣ ಕೊಳವೆ ತೂರಿಸಿ, ಸವೆದು ಎದ್ದಿರುವ ಮೃದ್ವಸ್ಥಿಯ ಚೂರುಗಳನ್ನು ಕೆರೆದು ತೊಳೆಯುವ ಆರ್ತ್ರೋಸ್ಕೋಪಿ ಆಗ ಅಲ್ಲಿ ದಿನನಿತ್ಯದ ಕೆಲಸವಾಗಿತ್ತು. ಶಸ್ತ್ರವೈದ್ಯ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು 180 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು: ಒಂದು ಗುಂಪಿಗೆ ಕೆರೆದು ತೊಳೆಯುವುದು, ಇನ್ನೊಂದಕ್ಕೆ ಬರೀ ತೊಳೆಯುವುದು, ಮೂರನೆಯದಕ್ಕೆ ಹುಸಿ ಶಸ್ತ್ರಚಿಕಿತ್ಸೆ. ಯಾರು ಯಾವ ಗುಂಪು ಎಂದು ಬರೆದ ಲಕೋಟೆಯನ್ನು ರೋಗಿ ಆಪರೇಷನ್ ಥಿಯೇಟರಿನೊಳಗೆ ಬಂದ ಮೇಲೆಯೇ ಒಡೆಯುತ್ತಿದ್ದರು. ಹುಸಿ ಗುಂಪಿನವರಿಗೆ ಮಂಪರು ಬರಿಸಿ, ಮಂಡಿಯ ಚರ್ಮದ ಮೇಲೆ ಒಂದೊಂದು ಸೆಂಟಿಮೀಟರಿನ ಮೂರು ಗಾಯ ಮಾಡುತ್ತಿದ್ದರು. ವೈದ್ಯರು ಎಂದಿನಂತೆ ಒಂದೊಂದೇ ಉಪಕರಣವನ್ನು ಕೇಳಿ ಪಡೆಯುತ್ತಿದ್ದರು, ಕಾಲನ್ನು ಮಡಚಿ ಬಿಡಿಸುತ್ತಿದ್ದರು. ತೊಳೆಯುವ ಸದ್ದು ಬರಲೆಂದು ಸಲೈನ್ ನೀರನ್ನು ಚಿಮ್ಮಿಸುತ್ತಿದ್ದರು. ಯಾವ ಉಪಕರಣವೂ ಕೀಲಿನೊಳಗೆ ಹೋಗುತ್ತಿರಲಿಲ್ಲ. ನಿಜವಾದ ಶಸ್ತ್ರಚಿಕಿತ್ಸೆಗೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಅವರೂ ಒಳಗೇ ಇರುತ್ತಿದ್ದರು. 2002ರಲ್ಲಿ ಫಲಿತಾಂಶ ಹೊರಬಂತು. ಎರಡು ವರ್ಷಗಳ ಉದ್ದಕ್ಕೂ ಯಾವ ಹಂತದಲ್ಲೂ, ನೋವಿನಲ್ಲಾಗಲಿ ಓಡಾಟದಲ್ಲಾಗಲಿ, ನಿಜವಾದ ಶಸ್ತ್ರಚಿಕಿತ್ಸೆ ಹುಸಿಯನ್ನು ಮೀರಿಸಲಿಲ್ಲ.

ರೋಗಿಯ ಮೈಮೇಲೆ ಸುಮ್ಮಸುಮ್ಮನೆ ಗಾಯ ಮಾಡುವುದು ಯಾವ ನ್ಯಾಯ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ರೋಗಿಗಳನ್ನು ಕತ್ತಲಲ್ಲಿ ಇಟ್ಟಿರಲಿಲ್ಲ. ತಮಗೆ ಸಿಗುವುದು ಹುಸಿ ಶಸ್ತ್ರಚಿಕಿತ್ಸೆ ಇರಬಹುದು, ಅದರಿಂದ ಮಂಡಿಗೆ ಪ್ರಯೋಜನವಾಗದು ಎಂಬುದು ಅರ್ಥವಾಗಿದೆಯೆಂದು ಅವರೇ ತಮ್ಮ ದಾಖಲೆಯಲ್ಲಿ ಬರೆದುಕೊಡಬೇಕಿತ್ತು. ಕೇಳಲಾದ 324 ಮಂದಿಯಲ್ಲಿ 144 ಮಂದಿ ಬೇಡವೆಂದು ಹೊರಗುಳಿದರು ಎಂಬುದೇ ಒಪ್ಪಿಗೆ ಕಾಟಾಚಾರದ್ದಾಗಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ. ಇನ್ನೊಂದು ಕಡೆ ನೋಡಿ: ಈ ಪ್ರಯೋಗ ನಡೆಯದಿದ್ದರೆ ಅದಕ್ಕಿಂತ ದೊಡ್ಡ ಗಾಯ, ಅರಿವಳಿಕೆ, ಸೋಂಕಿನ ಅಪಾಯ, ಆಸ್ಪತ್ರೆಯ ಬಿಲ್ಲು ಇವೆಲ್ಲ ಲಕ್ಷಾಂತರ ಜನರ ಪಾಲಿಗೆ ಮುಂದುವರಿಯುತ್ತಿತ್ತು, ಅದೂ ಅವರಿಂದ ಇಂಥ ಒಂದು ಮಾತನ್ನೂ ಬರೆಸಿಕೊಳ್ಳದೆ. ಅರವತ್ತು ಮಂದಿ ತಿಳಿದೂ ಒಪ್ಪಿದ ಸಣ್ಣ ಗಾಯಕ್ಕಿಂತ, ತಿಳಿಯದೆ ಒಪ್ಪಿದವರ ದೊಡ್ಡ ಗಾಯವೇ ನನಗೆ ಹೆಚ್ಚು ಅನ್ಯಾಯವಾಗಿ ಕಾಣುತ್ತದೆ. ಒಬ್ಬನೇ ವೈದ್ಯ, ಹೆಚ್ಚುಕಡಿಮೆ ಎಲ್ಲರೂ ಗಂಡಸರು, ಹಾಗಾಗಿ ಈ ಫಲಿತಾಂಶ ಎಲ್ಲರಿಗೂ ಹೊಂದದು ಎಂಬ ಆಕ್ಷೇಪಕ್ಕೂ ಉತ್ತರ ಬಂತು. 2008ರಲ್ಲಿ ಕೆನಡಾದ ಒಂಟಾರಿಯೊದ ಪ್ರಯೋಗ ಫಿಸಿಯೋಥೆರಪಿಯ ಜೊತೆಗೆ ಆರ್ತ್ರೋಸ್ಕೋಪಿ ಸೇರಿಸಿದರೂ ಹೆಚ್ಚಿನ ಲಾಭವಿಲ್ಲವೆಂದು ತೋರಿಸಿತು. 2013ರಲ್ಲಿ ಫಿನ್ಲೆಂಡಿನ ಐದು ಆಸ್ಪತ್ರೆಗಳು, ಮಂಡಿ ಇನ್ನೂ ಸವೆಯದೆ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಮಾತ್ರ ಹರಿದಿದ್ದ 146 ಮಂದಿಯ ಮೇಲೆ ಹುಸಿ ಶಸ್ತ್ರಚಿಕಿತ್ಸೆಯ ಹೋಲಿಕೆಯನ್ನೇ ನಡೆಸಿದಾಗಲೂ ಇದೇ ಉತ್ತರ ಸಿಕ್ಕಿತು.

ಹುಸಿಯೋ ನಿಜವೋ, ನೋವು ಇಳಿಯಿತಲ್ಲ, ಮತ್ತೇನು ಬೇಕು ಎನ್ನುವವರಿದ್ದಾರೆ. ನೊಂದವರ ಬಾಯಿಂದ ಬಂದಾಗ ಈ ಮಾತನ್ನು ತಳ್ಳಿಹಾಕಲು ಮನಸ್ಸು ಬಾರದು. ಮಾರುವವರ ಬಾಯಿಂದ ಬಂದಾಗ ಒಪ್ಪಲಾಗದು. ಕೀಲಿಗೆ ಚುಚ್ಚುವ ಸ್ಟಿರಾಯ್ಡನ್ನೇ ತೆಗೆದುಕೊಳ್ಳಿ. 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 140 ಮಂದಿಗೆ ಎರಡು ವರ್ಷ ಕಾಲ ಹನ್ನೆರಡು ವಾರಕ್ಕೊಮ್ಮೆ ಸ್ಟಿರಾಯ್ಡ್ ಅಥವಾ ಬರೀ ಸಲೈನ್ ಚುಚ್ಚಿದರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಟಿರಾಯ್ಡ್ ಪಡೆದವರ ಮೃದ್ವಸ್ಥಿಯ ಸವೆತ ಮಾತ್ರ ಸಲೈನ್ ಪಡೆದವರ ಸವೆತದ ಸುಮಾರು ಎರಡರಷ್ಟಿತ್ತು. ಸಲೈನ್ ಗುಂಪು ಇಲ್ಲದಿದ್ದರೆ ಸವೆತದ ತಪ್ಪನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುತ್ತಿದ್ದರು. ನಡೆಯಲಾಗದಷ್ಟು ಊದಿಕೊಂಡ ಮಂಡಿಗೆ ಒಮ್ಮೆ ಕೊಡುವ ಚುಚ್ಚುಮದ್ದಿನಿಂದ ಕೆಲವು ವಾರ ನೆಮ್ಮದಿ ಸಿಗುವುದು ನಿಜ. ಅದನ್ನು ಮೂರು ತಿಂಗಳಿಗೊಮ್ಮೆ ವಾಡಿಕೆ ಮಾಡಿಕೊಳ್ಳುವುದೇ ಬೇರೆ.

ಸರಾಸರಿಯಲ್ಲಿ ಕಾಣದ ಲಾಭ ಕೆಲವರಿಗೆ ಸಿಗುತ್ತಿರಬಹುದಲ್ಲ ಎಂಬ ವಾದ ಇದಕ್ಕಿಂತ ಗಟ್ಟಿ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಮಾತ್ರೆಯ ಕಥೆ ಇದಕ್ಕೆ ತಕ್ಕ ಉದಾಹರಣೆ. ಅಮೆರಿಕದಲ್ಲಿ 1583 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹುಸಿಮಾತ್ರೆ ನುಂಗಿದವರ ಪೈಕಿ ಶೇ 60ರಷ್ಟು ಮಂದಿಗೆ ನೋವು ಗಮನಾರ್ಹವಾಗಿ ಇಳಿದಿತ್ತು. ಗ್ಲುಕೋಸಮೈನ್ ನುಂಗಿದವರಲ್ಲಿ ಶೇ 64. ಈ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ಆದರೆ ನೋವು ಜೋರಾಗಿದ್ದವರ ಸಣ್ಣ ಗುಂಪನ್ನು ಮಾತ್ರ ಬೇರೆ ತೆಗೆದು ನೋಡಿದಾಗ, ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಎಂಬ ಇನ್ನೊಂದು ಪೂರಕದ ಜೋಡಿ ಚೆನ್ನಾಗಿ ಕೆಲಸ ಮಾಡಿದಂತೆ ಕಂಡಿತು: ಶೇ 79 ಮಂದಿಗೆ ಉಪಶಮನ, ಹುಸಿಮಾತ್ರೆಯಲ್ಲಿ ಶೇ 54. ಮಾರಾಟಗಾರರು ಈ ಒಂದು ಸಾಲನ್ನು ಹಿಡಿದುಕೊಂಡರು. ಸರಿಯಾದ ದಾರಿ ಎಂದರೆ ಅಂಥವರನ್ನೇ ಆರಿಸಿ ಹೊಸದಾಗಿ ಪ್ರಯೋಗ ಮಾಡುವುದು. ಸ್ಪೇನ್‌ನಲ್ಲಿ 164 ಮಂದಿಯ ಮೇಲೆ ಹಾಗೆ ಮಾಡಿ 2017ರಲ್ಲಿ ಪ್ರಕಟಿಸಿದಾಗ, ಜೋಡಿಮಾತ್ರೆಗಿಂತ ಹುಸಿಮಾತ್ರೆಯವರಿಗೇ ನೋವು ಹೆಚ್ಚು ಇಳಿದಿತ್ತು. ಒಂದೇ ಪ್ರಯೋಗದ ಅಂಕಿಗಳನ್ನು ಹತ್ತಾರು ಥರ ಒಡೆದು ನೋಡಿದರೆ ಎಲ್ಲೋ ಒಂದು ಕಡೆ ಲಾಭ ಕಂಡೇ ಕಾಣುತ್ತದೆ.

ನಮ್ಮಲ್ಲೇ ನಡೆದ ಸಂಶೋಧನೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಪುಣೆಯ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು 440 ರೋಗಿಗಳ ಮೇಲೆ ಎರಡು ಆಯುರ್ವೇದ ಮಿಶ್ರಣಗಳನ್ನು ಗ್ಲುಕೋಸಮೈನ್ ಹಾಗೂ ಸೆಲೆಕಾಕ್ಸಿಬ್ ಎಂಬ ನೋವುನಿವಾರಕದ ಜೊತೆ ಹೋಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ರೋಗಿಗೂ ವೈದ್ಯರಿಗೂ ಯಾರು ಏನು ನುಂಗುತ್ತಿದ್ದಾರೆಂದು ತಿಳಿಯದಂತೆ ನಡೆಸಿದ, ಶ್ರದ್ಧೆಯ ಕೆಲಸ ಅದು. ನಾಲ್ಕೂ ಗುಂಪುಗಳ ನೋವು ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿಯಿತು. ಕೆಲವರಲ್ಲಿ ಯಕೃತ್ತಿನ ಕಿಣ್ವ ಏರಿದ್ದನ್ನೂ ಅವರು ಮುಚ್ಚಿಡದೆ ಬರೆದರು. ಆದರೆ ಐದನೆಯದಾಗಿ ಹುಸಿಮದ್ದಿನ ಗುಂಪು ಇರಲಿಲ್ಲ. ಹುಸಿಮಾತ್ರೆಯನ್ನೇ ಮೀರಿಸಲಾಗದ ಗ್ಲುಕೋಸಮೈನಿಗೆ ಸಮನಾಗಿ ನಿಂತರೆ ಏನು ಸಾಬೀತಾದಂತಾಯಿತು? ಆಯುರ್ವೇದದ ಮೇಲೆ ಗೌರವವಿರುವವರೇ ಆ ಐದನೇ ಗುಂಪು ಬೇಕೆಂದು ಮೊದಲು ಕೇಳಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ, ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕಾಂಡಕೋಶಗಳ ಚುಚ್ಚುಮದ್ದನ್ನು 146 ಮಂದಿಯ ಮೇಲೆ ಹುಸಿಮದ್ದಿನ ಗುಂಪು ಇಟ್ಟುಕೊಂಡೇ ಪರೀಕ್ಷಿಸಿತು. ಒಂದು ವರ್ಷದ ಹೊತ್ತಿಗೆ ಲಾಭ ಕಂಡಿತೆಂದು ವರದಿಯಾಯಿತು. ವಿಧಾನ ಸರಿಯಾದದ್ದು. ತಯಾರಿಸಿದವರ ಹಂಗಿಲ್ಲದ ಇನ್ನೊಂದು ತಂಡ ಅದನ್ನೇ ಮತ್ತೊಮ್ಮೆ ಮಾಡಿ ನೋಡುವವರೆಗೆ ಇದನ್ನು ಭರವಸೆ ಎಂದಷ್ಟೇ ಕರೆಯುತ್ತೇನೆ. ಹೀಗೆ ಕಾಯಬೇಕೆನ್ನಲು ಕಾರಣವಿದೆ. ರೋಗಿಯದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಚುಚ್ಚುಮದ್ದಿನ ಮೇಲೂ ಇಂಥದೇ ಭರವಸೆಯಿತ್ತು. ಆಸ್ಟ್ರೇಲಿಯಾದಲ್ಲಿ 288 ಮಂದಿಗೆ ಪಿಆರ್‌ಪಿ ಅಥವಾ ಸಲೈನ್ ಚುಚ್ಚಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ನಂತರ ಹನ್ನೊಂದು ಹಂತಗಳ ನೋವಿನ ಅಳತೆಯಲ್ಲಿ ಪಿಆರ್‌ಪಿಯವರ ಇಳಿಕೆ 2.1, ಸಲೈನಿನವರದು 1.8. ಇಬ್ಬರ ನಡುವಿನ ಅಂತರ 0.3 ಅಷ್ಟೇ.

ಹಾಗಾದರೆ ವ್ಯಾಯಾಮವನ್ನು ಏಕೆ ಬಿಟ್ಟಿರಿ ಎಂದು ಜಾಣ ಓದುಗರು ಕೇಳುತ್ತಾರೆ. ಬಿಡುವಂತಿಲ್ಲ. 2020ರಲ್ಲಿ 156 ಮಂದಿಯ ಪ್ರಯೋಗವೊಂದು, ವರ್ಷದ ಕೊನೆಗೆ ಸ್ಟಿರಾಯ್ಡ್ ಚುಚ್ಚಿಸಿಕೊಂಡವರಿಗಿಂತ ಫಿಸಿಯೋಥೆರಪಿ ಪಡೆದವರಿಗೆ ನೋವು ಕಡಿಮೆ, ಓಡಾಟ ಸಲೀಸು ಎಂದು ತೋರಿಸಿತು. ಆದರೆ ವ್ಯಾಯಾಮ ಮಾಡುತ್ತಿರುವುದು ಮಾಡುವವರಿಗೆ ಗೊತ್ತಾಗದಂತೆ ಮಾಡಲು ಬರುವುದಿಲ್ಲ. ಡೆನ್ಮಾರ್ಕಿನ ಸಂಶೋಧಕರು ಇದಕ್ಕೊಂದು ಉಪಾಯ ಕಂಡುಕೊಂಡರು: 206 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ವ್ಯಾಯಾಮ, ಉಳಿದವರಿಗೆ ಇದು ಬರೀ ಸಲೈನ್ ಎಂದು ಮುಂಚೆಯೇ ಹೇಳಿ ಚುಚ್ಚುಮದ್ದು. ಒಂಬತ್ತನೇ ವಾರದಲ್ಲಿ ಎರಡೂ ಗುಂಪುಗಳ ನೋವು ಹೆಚ್ಚುಕಡಿಮೆ ಸಮನಾಗಿತ್ತು. ಇದು ಕಹಿಯಾದರೂ ಒಪ್ಪಬೇಕಾದ ಸಾಕ್ಷ್ಯ. ವ್ಯಾಯಾಮ ಮಂಡಿಯನ್ನೇ ಸರಿಪಡಿಸುತ್ತದೆ ಎಂಬ ದೊಡ್ಡ ಮಾತನ್ನು ನಾವು ಆಡಬಾರದು. ಆದರೂ ವ್ಯಾಯಾಮದ ಪರ ನಿಲ್ಲುತ್ತೇನೆ, ಏಕೆಂದರೆ ಅದು ಮೃದ್ವಸ್ಥಿಯನ್ನು ಕರಗಿಸುವುದಿಲ್ಲ, ಜೇಬಿಗೆ ಕತ್ತರಿ ಹಾಕುವುದಿಲ್ಲ, ಮಂಡಿನೋವಿನವರಲ್ಲಿ ಹಲವರಿಗೆ ಜೊತೆಗಿರುವ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಅದು ಬೇಕೇ ಬೇಕು.

ಹುಸಿಮದ್ದನ್ನು ನಿಚ್ಚಳವಾಗಿ ಸೋಲಿಸಿದ್ದೂ ಒಂದಿದೆ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇದ್ದ 407 ಮಂದಿಯ ಮೇಲೆ 68 ವಾರ ಪ್ರಯೋಗಿಸಿದ ವರದಿ 2024ರಲ್ಲಿ ಬಂತು. ನೂರಕ್ಕೆ ಲೆಕ್ಕ ಹಾಕುವ ನೋವಿನ ಅಳತೆ ಮದ್ದಿನವರಲ್ಲಿ 41.7ರಷ್ಟು ಇಳಿಯಿತು, ಹುಸಿಮದ್ದಿನವರಲ್ಲಿ 27.5ರಷ್ಟು. ತೂಕ ಕರಗುವುದು ಕಣ್ಣಿಗೆ ಕಾಣುವುದರಿಂದ ಯಾರಿಗೆ ಯಾವುದು ಸಿಕ್ಕಿದೆಯೆಂದು ಹಲವರು ಊಹಿಸಿರಬಹುದು. ಆದರೂ ಇಷ್ಟು ಅಂತರ ಮಂಡಿಗೆ ಸಂಬಂಧಿಸಿದ ಔಷಧಗಳಲ್ಲಿ ಅಪರೂಪ. ಆ 27.5ನ್ನೂ ಗಮನಿಸಿ. ಹೋಲಿಕೆಯ ಗುಂಪೇ ಇಲ್ಲದೆ ಜಾಹೀರಾತು ಮಾಡುವವರಿಗೆ ಅಷ್ಟೇ ಸಾಕಾಗುತ್ತಿತ್ತು.

ಕೊನೆಗೆ ಉಳಿಯುವುದು ಮಂಡಿ ಬದಲಾವಣೆ. ಇದನ್ನು ಹುಸಿ ಶಸ್ತ್ರಚಿಕಿತ್ಸೆಯೊಡನೆ ಹೋಲಿಸುವುದು ಆಗದ ಮಾತು. 2015ರಲ್ಲಿ ಡೆನ್ಮಾರ್ಕ್ ಇದಕ್ಕೆ ಹತ್ತಿರದ ಕೆಲಸ ಮಾಡಿತು: 100 ಮಂದಿಯಲ್ಲಿ ಅರ್ಧ ಜನರಿಗೆ ಮಂಡಿ ಬದಲಾಯಿಸಿ ವ್ಯಾಯಾಮ, ಆಹಾರ ಸಲಹೆ ಇತ್ಯಾದಿ, ಉಳಿದವರಿಗೆ ಶಸ್ತ್ರಚಿಕಿತ್ಸೆ ಬಿಟ್ಟು ಮಿಕ್ಕಿದ್ದು. ವರ್ಷದ ನಂತರ ನೂರರ ಅಳತೆಯಲ್ಲಿ ಮೊದಲ ಗುಂಪು 32.5 ಅಂಕ ಸುಧಾರಿಸಿತ್ತು, ಎರಡನೆಯದು 16. ಇದು ಗಟ್ಟಿ ಅಂತರ. ಗಂಭೀರ ತೊಂದರೆಗಳು ಮಾತ್ರ ಮೊದಲ ಗುಂಪಿನಲ್ಲಿ 24, ಎರಡನೆಯದರಲ್ಲಿ 6. ಜೊತೆಗೆ ಶಸ್ತ್ರಚಿಕಿತ್ಸೆ ಇಲ್ಲದ ಗುಂಪಿನ ನಾಲ್ವರಲ್ಲಿ ಸುಮಾರು ಮೂವರು ವರ್ಷಪೂರ್ತಿ ಅದಿಲ್ಲದೇ ನಿಭಾಯಿಸಿದರು. 2017ರಲ್ಲಿ ಕೇಂದ್ರ ಸರ್ಕಾರ ಹೆಚ್ಚು ಬಳಕೆಯ ಕೃತಕ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಗರಿಷ್ಠ ಬೆಲೆ ನಿಗದಿ ಮಾಡಿದ ಮೇಲೆ ಈ ಚಿಕಿತ್ಸೆ ಹೆಚ್ಚು ಜನರ ಕೈಗೆಟುಕುವಂತಾಗಿದೆ. ಹಾಗಿದ್ದೂ ಅದರ ಫಲವನ್ನು ಅಳೆಯುವ ಸಾಧನ ನಮ್ಮ ಬದುಕಿಗೆ ಹೊಂದುವಂಥದ್ದಲ್ಲ. ಕೆನಡಾದಲ್ಲಿ ಹುಟ್ಟಿದ, ಮಂಡಿನೋವು ಅಳೆಯಲು ಜಗತ್ತೆಲ್ಲ ಬಳಸುವ ವೊಮ್ಯಾಕ್ ಪ್ರಶ್ನಾವಳಿಯ 24 ಪ್ರಶ್ನೆಗಳಲ್ಲಿ ಕಾರು ಹತ್ತಿ ಇಳಿಯುವುದು, ಸ್ನಾನದ ತೊಟ್ಟಿಗೆ ಇಳಿಯುವುದು ಇವೆ. ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಲ್ಲಿ ಕೂತು ಏಳುವುದು ಇಲ್ಲ. ಪುಣೆಯ ತಂಡ ಇವನ್ನು ಸೇರಿಸಿ ಭಾರತಕ್ಕೆ ಹೊಂದುವ ಆವೃತ್ತಿ ಮಾಡಿದೆ. ನೆಲದ ಮೇಲೆ ಕೂತು ಉಣ್ಣುವ, ಕಳೆ ಕೀಳುವ, ಪೂಜೆಗೆ ಕೂರುವ ಹೆಂಗಸು ಹೊಸ ಮಂಡಿಯಿಂದ ಏನು ಪಡೆಯುತ್ತಾಳೆ, ಏನು ಕಳೆದುಕೊಳ್ಳುತ್ತಾಳೆ ಎಂಬುದನ್ನು ಇಂಥ ಪ್ರಶ್ನೆಗಳಿಂದ ಅಳೆದು, ಮಂಡಿ ಬದಲಾಯಿಸದ ಗುಂಪಿನೊಡನೆ ಹೋಲಿಸುವ ಕೆಲಸ ನಮ್ಮ ವೈದ್ಯಕೀಯ ಕಾಲೇಜುಗಳಲ್ಲೇ ಆಗಬೇಕು. ಡೆನ್ಮಾರ್ಕಿನ ಅಂಕಿಗಳಲ್ಲಿ ಅವಳ ಉತ್ತರ ಇಲ್ಲ.