ಹುಳುವಿನ ತಂಪು, ಮನೆಯ ತಂಪು: ಕೊಳ್ಳೇಗಾಲ ಸೀಮೆಯ ಬೇಸಿಗೆಯ ಗೃಹಜೀವನ

ಕರ್ನಾಟಕದ ಜನವಸತಿಯನ್ನು ಕುರಿತ ಬರಹಗಳಲ್ಲಿ ಮನೆಯ ಅಂಕಣ, ಕಂಬ, ತೊಟ್ಟಿ, ಬಾಗಿಲವಾಡಗಳ ವರ್ಣನೆ ಧಾರಾಳವಾಗಿ ದೊರೆಯುತ್ತದೆ. ಅದೇ ಮನೆಯನ್ನು ಋತುವಿನಿಂದ ಋತುವಿಗೆ ಹೇಗೆ ಬೇರೆಬೇರೆಯಾಗಿ ಬಳಸುತ್ತಿದ್ದರು ಎಂಬ ಪ್ರಶ್ನೆಗೆ ಸಿಗುವ ಗಮನ ಕಡಿಮೆ. ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ದಿನಗಳಲ್ಲಿ, ಬಿಸಿಲು ಏರತೊಡಗಿ ಮಳೆಯ ಸುಳಿವು ಇನ್ನೂ ಕಾಣದ ಅವಧಿಯಲ್ಲಿ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮನೆಗಳು ತಂಪನ್ನು ಹೇಗೆ ಕಾಪಾಡಿಕೊಂಡವು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಇಲ್ಲಿ ತಂಪು ಎಂಬುದು ಕೇವಲ ಸುಖದ ವಿಷಯವಾಗಿರಲಿಲ್ಲ. ಅನೇಕ ಮನೆಗಳಲ್ಲಿ ಮನುಷ್ಯರ ಜೊತೆಗೆ ರೇಷ್ಮೆಹುಳುವೂ ಒಂದೇ ಸೂರಿನಡಿ ವಾಸಿಸುತ್ತಿತ್ತು. ಕೆಲವು ದಿನಗಳ ಸೆಕೆಗೆ ಇಡೀ ಬೆಳೆಯೇ ಕೈತಪ್ಪಬಹುದಾಗಿತ್ತು.

ಈ ಮೂರು ತಾಲ್ಲೂಕುಗಳ ಆಡಳಿತ ಚರಿತ್ರೆ ಒಂದೇ ಅಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೊಳ್ಳೇಗಾಲವು ಬ್ರಿಟಿಷರ ವಶಕ್ಕೆ ಹೋಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅಲ್ಲಿಯೇ ಉಳಿಯಿತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. 1997ರಲ್ಲಿ ಇವೆರಡೂ ಹೊಸ ಚಾಮರಾಜನಗರ ಜಿಲ್ಲೆಗೆ ಬಂದವು. ಕೊಳ್ಳೇಗಾಲದ ಭಾಗವಾಗಿದ್ದ ಹನೂರು 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದು. ಬಿಸಿಲು ಮಾತ್ರ ಈ ಗಡಿಗಳನ್ನು ಲೆಕ್ಕಿಸಲಿಲ್ಲ, ಹಿಪ್ಪುನೇರಳೆಯೂ ಲೆಕ್ಕಿಸಲಿಲ್ಲ. ಕೊಳ್ಳೇಗಾಲವು ಮದರಾಸು ಪ್ರಾಂತ್ಯದ ಪ್ರಮುಖ ರೇಷ್ಮೆ ಸೀಮೆಯಾಗಿದ್ದರೆ, ಆಚೆಗಿನ ಮೈಸೂರು ಸಂಸ್ಥಾನದಲ್ಲಿಯೂ ಅದೇ ಸೊಪ್ಪು, ಅದೇ ಹುಳು, ಅದೇ ಚಿಂತೆ ಇತ್ತು.

ಮೊದಲು ಹುಳುವಿನ ಸ್ವಭಾವವನ್ನು ತಿಳಿಯಬೇಕು. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಅದರ ಬಾಳು ಸುಮಾರು ನಾಲ್ಕು ವಾರಗಳದು. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಪೊರೆ ಕಳಚುತ್ತದೆ. ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ನಿಲ್ಲುವ ಆ ಸ್ಥಿತಿಯನ್ನು ನಮ್ಮ ಸಾಕಣೆದಾರರು ‘ಜ್ವರ’ ಎಂದು ಕರೆದಿರುವುದು ಸೊಗಸಾಗಿದೆ. ಮೊದಲ ಎರಡು ಜ್ವರಗಳವರೆಗಿನ ಎಳೆಯ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಶೇಕಡಾ 80ರಿಂದ 90ರಷ್ಟು ತೇವವೂ ಹಿತ. ನಾಲ್ಕನೆಯ ಜ್ವರದಿಂದ ಎದ್ದ ದೊಡ್ಡ ಹುಳುವಿಗೆ ಇದರ ವಿರುದ್ಧವಾದುದು ಬೇಕು: 24 ಡಿಗ್ರಿಯ ಆಸುಪಾಸಿನ ತಂಪು, ಶೇಕಡಾ 65ರಿಂದ 70ರ ತೇವ, ಧಾರಾಳ ಗಾಳಿ. ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಹುಳು ಈ ಕೊನೆಯ ವಾರದಲ್ಲಿಯೇ ತಿನ್ನುತ್ತದೆ. ತಟ್ಟೆಯಲ್ಲಿ ಹಿಕ್ಕೆಯೂ ಉಳಿಕೆ ಸೊಪ್ಪೂ ಸೇರಿ ಕಾವು ಹುಟ್ಟುತ್ತದೆ. ಆಗ ಸೆಕೆಯೇರಿ ಗಾಳಿ ನಿಂತರೆ ಸಪ್ಪೆರೋಗ, ಹಾಲುತೊಂಡೆಗಳು ತಲೆದೋರುತ್ತವೆ. ತೇವ ಅತಿಯಾದರೆ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ.

ಹೀಗಾಗಿ ಒಂದೇ ಮನೆಯಲ್ಲಿ ಒಂದೇ ತಿಂಗಳಿನಲ್ಲಿ ಎರಡು ಬಗೆಯ ತಂಪನ್ನು ಸೃಷ್ಟಿಸಬೇಕಾಗುತ್ತಿತ್ತು: ಮೊದಲು ನೀರಿನ ತಂಪು, ಬಳಿಕ ಗಾಳಿಯ ತಂಪು. ಈ ಸೀಮೆಯ ಬೇಸಿಗೆಯ ಗೃಹಜ್ಞಾನದ ತಿರುಳು ಇವೆರಡರ ನಡುವಣ ವಿವೇಕದಲ್ಲಿದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ನೀರಿನ ತಂಪು ಎಲ್ಲರಿಗೂ ಪರಿಚಿತವಾದುದು. ಗೋಣಿತಾಟನ್ನು ನೀರಿನಲ್ಲಿ ಅದ್ದಿ ಕಿಟಕಿ ಬಾಗಿಲುಗಳಿಗೆ ಇಳಿಬಿಡುವುದು, ನೆಲಕ್ಕೆ ನೀರು ಚಿಮುಕಿಸುವುದು, ಮೂಲೆಯಲ್ಲಿ ಮರಳು ಹಾಸಿ ಅದರ ಮೇಲೆ ಮಣ್ಣಿನ ಗಡಿಗೆಯನ್ನಿಟ್ಟು ಮರಳನ್ನು ಸದಾ ಒದ್ದೆಯಾಗಿರಿಸುವುದು ಇವೆಲ್ಲ ಒಂದೇ ತತ್ತ್ವದ ರೂಪಗಳು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಆವಿಯಾಗುವಿಕೆ ಚುರುಕು. ಹೊರಗೆ 35 ಡಿಗ್ರಿ ಬಿಸಿಲಿದ್ದು ಗಾಳಿಯ ತೇವ ಶೇಕಡಾ 30 ಆಗಿದ್ದರೆ, ಒದ್ದೆ ಬಟ್ಟೆಯ ಮೂಲಕ ಬರುವ ಗಾಳಿ ತಾತ್ತ್ವಿಕವಾಗಿ 22 ಡಿಗ್ರಿಯವರೆಗೆ ತಣಿಯಬಲ್ಲದು. ಅದೇ ಬಿಸಿಲಿನಲ್ಲಿ ತೇವ ಶೇಕಡಾ 60ಕ್ಕೆ ಏರಿದರೆ ಮಿತಿ 28 ಡಿಗ್ರಿಗೇ ನಿಲ್ಲುತ್ತದೆ. ಬೇಸಿಗೆಯ ಮೊದಲ ಭಾಗದಲ್ಲಿ ಒದ್ದೆ ಗೋಣಿ ಕೊಡುವ ಫಲವನ್ನು ಮುಂಗಾರು ಪೂರ್ವದ ಮಳೆ ಬಿದ್ದ ಮೇಲೆ ಕೊಡದಿರುವುದಕ್ಕೆ ಕಾರಣವಿದು. ಮಣ್ಣಿನ ಗಡಿಗೆಯ ನೀರು ಮೋಡ ಮುಸುಕಿದ ದಿನ ‘ತಣಿಯಲಿಲ್ಲ’ ಎಂದು ಗೊಣಗುವ ಅಜ್ಜಿಯರಿಗೆ ಇದು ಅನುಭವದಿಂದಲೇ ತಿಳಿದಿತ್ತು.

ಗಾಳಿಯ ತಂಪಿಗೆ ಮನೆಯ ರಚನೆಯೇ ಆಧಾರ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಿ ಹಗಲಿನ ಶಾಖ ಒಳಗೆ ಬರಲು ಹತ್ತು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ರಾತ್ರಿಯ ತಂಗಾಳಿಗೆ ಗೋಡೆ ಆರತೊಡಗಿರುತ್ತದೆ. ನಾಡಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಹಗಲು ಮುಚ್ಚಿ ರಾತ್ರಿ ತೆರೆಯುವುದು ಇಂಥ ಮನೆಯ ನಿಯಮ. ದೊಡ್ಡ ಹುಳುಗಳಿದ್ದಾಗ ಸೂರ್ಯಾಸ್ತದ ನಂತರ ಎಲ್ಲ ಬಾಗಿಲುಗಳನ್ನೂ ತೆರೆದು, ತಟ್ಟೆಗಳ ಅಂತರವನ್ನು ಹೆಚ್ಚಿಸಿ, ಹಾಸನ್ನು ತೆಳುವಾಗಿಸಿ, ಬೆಳಗಾಗುವುದರೊಳಗೆ ಮನೆಯನ್ನು ತಣ್ಣಗಾಗಿಸಿಕೊಳ್ಳುತ್ತಿದ್ದರು. ಹಣ್ಣಾದ ಹುಳುವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟ ಮೇಲೆ ಅದನ್ನು ಮನೆಯ ಹೊರಗೆ ನೆರಳಿನಲ್ಲಿ, ತೆಂಗಿನ ಗರಿಯ ಚಪ್ಪರದಡಿಯಲ್ಲಿ ಒರಗಿಸಿಡುವ ರೂಢಿಯಿತ್ತು. ನೂಲು ತೆಗೆಯುವ ಹುಳು ಬಹಳಷ್ಟು ತೇವವನ್ನು ಹೊರಹಾಕುತ್ತದೆ. ಒಣಗಾಳಿ ಆಡದಿದ್ದರೆ ಗೂಡು ಕಲೆಯಾಗುತ್ತದೆ.

ಸೊಪ್ಪಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ರೇಷ್ಮೆಹುಳು ನೀರು ಕುಡಿಯುವುದಿಲ್ಲ. ಸೊಪ್ಪಿನ ರಸವೇ ಅದರ ನೀರು. ಬಾಡಿದ ಸೊಪ್ಪು ಹಾಕುವುದೆಂದರೆ ಹುಳುವನ್ನು ಬಾಯಾರಿಸುವುದೇ ಸರಿ. ಆದ್ದರಿಂದ ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಸೊಪ್ಪು ಕೊಯ್ದು, ಬಿದಿರ ಕುಕ್ಕೆಗಳಲ್ಲಿ ಸಡಿಲವಾಗಿ ತುಂಬಿ, ಒದ್ದೆ ಗೋಣಿಯನ್ನು ಹೊದಿಸಿ, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿರಿಸುತ್ತಿದ್ದರು. ಆ ಮೂಲೆ ಬೇರೆ ದಿನಗಳಲ್ಲಿ ಮಜ್ಜಿಗೆ, ಬೆಣ್ಣೆ, ವೀಳ್ಯದೆಲೆಗಳ ಜಾಗ. ಸೊಪ್ಪು ಬಂದಾಗ ಅವು ಸರಿದುಕೊಳ್ಳಬೇಕು.

ಸರಿದುಕೊಳ್ಳುತ್ತಿದ್ದವರು ಮನುಷ್ಯರೂ ಹೌದು. ನಡುಮನೆಯನ್ನು ತಟ್ಟೆಗಳು ಆಕ್ರಮಿಸಿದಾಗ ಗಂಡಸರು ಜಗುಲಿಗೆ, ಹೆಂಗಸರು ಮಕ್ಕಳು ಹಿತ್ತಿಲ ಚಪ್ಪರಕ್ಕೆ ಮಲಗಲು ಹೋಗುವುದು ಸಹಜವಾಗಿತ್ತು. ಒಲೆಯ ಹೊಗೆ, ಒಗ್ಗರಣೆಯ ಘಾಟು, ಬೀಡಿ ಹುಳುವಿಗೆ ನಿಷಿದ್ಧ. ಹೊಗೆಸೊಪ್ಪಿನ ವಿಷ ಹುಳುವಿಗೆ ಮಾರಕವೆಂಬುದು ಪರೀಕ್ಷಿತ ಸಂಗತಿ. ಅಡಿಗೆ ನಸುಕಿನಲ್ಲಿಯೇ ಮುಗಿಯುತ್ತಿತ್ತು, ಇಲ್ಲವೆ ಒಲೆಯೇ ಹಿತ್ತಿಲಿಗೆ ಹೋಗುತ್ತಿತ್ತು. ನಡುಹಗಲಿನ ಊಟಕ್ಕೆ ಒಲೆ ಹೊತ್ತಿಸದಂತೆ ರಾಗಿ ಅಂಬಲಿ, ತಂಗಳು ಮುದ್ದೆಗೆ ಮಜ್ಜಿಗೆ, ಈರುಳ್ಳಿ ಸಾಕಾಗುತ್ತಿದ್ದವು, ಉಪ್ಪುಸಾರು ಬೆಳಗಿನದೇ. ಬೇಸಿಗೆಯ ಈ ಆಹಾರಕ್ರಮವನ್ನು ದೇಹಕ್ಕೆ ತಂಪು ಎಂಬ ಒಂದೇ ಕಾರಣದಿಂದ ವಿವರಿಸುವುದು ವಾಡಿಕೆ. ರೇಷ್ಮೆ ಸಾಕುವ ಮನೆಗಳಲ್ಲಿ ಒಲೆಯ ಕಾವನ್ನು ಹುಳುವಿನಿಂದ ದೂರವಿಡುವ ಉದ್ದೇಶವೂ ಅದರಲ್ಲಿ ಬೆರೆತಿತ್ತೆಂಬುದನ್ನು ಮರೆಯಲಾಗದು. ಈ ಎಲ್ಲ ಹೊಂದಾಣಿಕೆಯ ಭಾರ, ಅಂದರೆ ನಸುಕಿನ ಅಡಿಗೆ, ಸೊಪ್ಪು ಕೊಯ್ಲು, ಗೋಣಿಗೆ ಹೊತ್ತುಹೊತ್ತಿಗೆ ನೀರು, ಹೆಚ್ಚಾಗಿ ಬಿದ್ದದ್ದು ಹೆಂಗಸರ ಮೇಲೆ. ಬಾವಿ ಬತ್ತುವ ಕಾಲದಲ್ಲಿ ಗೋಣಿ ನೆನೆಸಲು ಬೇಕಾದ ನೀರನ್ನೂ ಹೊತ್ತು ತರಬೇಕಿತ್ತು. ಕಾವೇರಿ, ಸುವರ್ಣಾವತಿಗಳ ಬಯಲಿನವರಿಗಿಂತ ಹನೂರಿನ ಗುಡ್ಡಗಾಡಿನವರಿಗೆ ಇದು ಕಠಿಣವಾಗಿತ್ತು.

ಗೂಡಿನಿಂದ ನೂಲಾದ ಮೇಲೂ ತೇವದ ಅಗತ್ಯ ಮುಗಿಯುವುದಿಲ್ಲ. ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದಲ್ಲಿ ನೇಕಾರರ ಮನೆಗೂ ಬೇಸಿಗೆ ಪರೀಕ್ಷೆಯ ಕಾಲವೇ. ಒಣಗಾಳಿಗೆ ಹಾಸಿನ ಎಳೆ ಬೇಗ ಹರಿಯುತ್ತದೆ. ಗುಂಡಿಮಗ್ಗದಲ್ಲಿ ಎಳೆಗಳು ನೆಲಕ್ಕೆ ಸಮೀಪವಿದ್ದು ಮಣ್ಣಿನ ತೇವ ಅವುಗಳಿಗೆ ದಕ್ಕುತ್ತದೆ, ನೇಕಾರನ ಕಾಲಿಗೂ ತಂಪು. ಮನೆಯ ಹೊರಗೆ ಈ ನೀರಿನ ಸಂಸ್ಕೃತಿ ಅರವಟ್ಟಿಗೆಯ ರೂಪ ತಾಳುತ್ತದೆ. ಯುಗಾದಿ ಜಾತ್ರೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿಗೆ ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಪಾನಕ ನೀಡುವುದು ಇಂದಿಗೂ ನಡೆದಿದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಸೀಮೆಯ ಅಂಚಿನಿಂದಲೇ ಹೊರಟು ದೂರದ ಕೋಲಾರದ ಚಿನ್ನದ ಗಣಿಯನ್ನು ಸೇರಿತು. ಇಲ್ಲಿನ ಹಳ್ಳಿಮನೆಗಳಿಗೆ ಫ್ಯಾನು ಬಂದದ್ದು ಬಹುಕಾಲದ ಮೇಲೆ. ಅದಕ್ಕಿಂತ ದೊಡ್ಡ ಬದಲಾವಣೆಯನ್ನು ತಂದದ್ದು ಬೇರೆ ಸಂಗತಿಗಳು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣದಿಂದಾಗಿ ಹುಳುವಿನ ಕೋಣೆಯ ಕಿಟಕಿಗಳಿಗೆ ನೈಲಾನ್ ಪರದೆ ಅನಿವಾರ್ಯವಾಯಿತು. ನೊಣ ನಿಂತಿತು, ಗಾಳಿಯೂ ಅರ್ಧ ನಿಂತಿತು. ಸೆಕೆಯನ್ನು ತಕ್ಕಮಟ್ಟಿಗೆ ಸಹಿಸುವ ಮೈಸೂರು ತಳಿ ಮತ್ತು ಅದರ ಮಿಶ್ರತಳಿಗಳ ಜೊತೆಗೆ, 1990ರ ದಶಕದಿಂದ ಹೆಚ್ಚು ನೂಲು ಕೊಡುವ, ಆದರೆ ಶಾಖಕ್ಕೆ ಬೇಗ ಸೋಲುವ ದ್ವಿತಳಿಗಳಿಗೆ ಪ್ರೋತ್ಸಾಹ ದೊರೆಯಿತು. ಇವುಗಳಿಗಾಗಿ ಸರ್ಕಾರದ ಸಹಾಯಧನದಿಂದ ಪ್ರತ್ಯೇಕ ಸಾಕಣೆ ಮನೆಗಳು ಎದ್ದವು. ಹುಳು ವಾಸದ ಮನೆಯಿಂದ ಹೊರಬಿದ್ದದ್ದು ಆರೋಗ್ಯದ ದೃಷ್ಟಿಯಿಂದ ಒಳ್ಳೆಯದೇ. ಸೋಂಕು ನಿವಾರಣೆಗೆ ಬಳಸುವ ಫಾರ್ಮಲಿನ್ನಿನ ಘಾಟಿನಲ್ಲಿ ಮಕ್ಕಳು ಮಲಗಬೇಕಾಗಿಲ್ಲ.

ಆದರೆ ಹುಳುವಿನ ಜೊತೆಗೆ ತಂಪಿನ ಶಿಸ್ತೂ ಮನೆಯಿಂದ ಹೊರಬಿದ್ದಿತು. ಮಣ್ಣಿನ ಗೋಡೆ, ನಾಡಹೆಂಚುಗಳ ಜಾಗಕ್ಕೆ ಬಂದ ಆರ್‌ಸಿಸಿ ತಾರಸಿ ನಡುಹಗಲಿನ ಶಾಖವನ್ನು ಮೂರು ನಾಲ್ಕು ಗಂಟೆಗಳಲ್ಲಿಯೇ ಒಳಗಿಳಿಸುತ್ತದೆ. ಮನೆಮಂದಿ ದುಡಿದು ಹಿಂದಿರುಗುವ ಸಂಜೆಯ ಹೊತ್ತಿಗೆ ಸೂರು ಕೆಂಡವಾಗಿರುತ್ತದೆ. ಫ್ಯಾನು ಆ ಬಿಸಿಯನ್ನೇ ತಿರುಗಿಸುತ್ತದೆ. ಹಿತ್ತಿಲಿನಲ್ಲಿರುವ ಸಾಕಣೆ ಮನೆಯ ಚಾವಣಿಗೆ ಸುಣ್ಣ ಬಳಿದು, ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಗೋಡೆಗೆ ಉಷ್ಣಮಾಪಕ ತೂಗುಹಾಕಿ ಕಾಯುವ ಅದೇ ಕುಟುಂಬದ ವಾಸದ ಮನೆಯ ತಾರಸಿ ಬರಿದಾಗಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ.